ನೀರಿಲ್ಲದ ಎರಡನೇ ಬೆಳೆ: ಪಹಣಿ ಇಲ್ಲದವರ ನಷ್ಟ ಯಾರ ಲೆಕ್ಕದಲ್ಲಿದೆ?

ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳನ್ನೂ ಬದಲಿಸಬೇಕು. ಅದಕ್ಕಾಗಿ 2025–26ರ ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡುವುದಿಲ್ಲ ಎಂದು 2025ರ ನವೆಂಬರ್‌ನಲ್ಲಿ ತೀರ್ಮಾನವಾಯಿತು. ಈ ತೀರ್ಮಾನ ತಪ್ಪು ಅಂತ ನಾನು ಹೇಳುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋದದ್ದನ್ನು ಈ ಭಾಗದ ಯಾರೂ ಮರೆತಿಲ್ಲ. 1953ರ ಕಾಲದ ಅಣೆಕಟ್ಟೆ ಅದು. ಗೇಟುಗಳ ಮೇಲೆ ನಂಬಿಕೆ ಇಲ್ಲದೆ 2025ರ ಮಳೆಗಾಲದಲ್ಲಿ ಪೂರ್ತಿ ನೀರು ನಿಲ್ಲಿಸಲೂ ಆಗಲಿಲ್ಲ. 105 ಟಿಎಂಸಿ ಹಿಡಿಯುವ ಜಾಗದಲ್ಲಿ 80 ಟಿಎಂಸಿಗೇ ಕೈಬಿಟ್ಟರು. ದುರಸ್ತಿ ಆಗಲೇಬೇಕಿತ್ತು.

ತೀರ್ಮಾನ ಹೊರಬಿದ್ದ ಕೂಡಲೇ ಪರಿಹಾರದ ಕೂಗು ಎದ್ದಿತು. ಎಕರೆಗೆ ಇಷ್ಟು ಸಾವಿರ ಕೊಡಿ ಎಂದು ರೈತರು ಕೇಳಿದರು, ಪಕ್ಷಗಳು ಕೇಳಿದವು. ಕೇಳಿದ್ದು ನ್ಯಾಯವೇ. ಆದರೆ ಆ ಲೆಕ್ಕ ಶುರುವಾಗುವುದೇ ಎಕರೆಯಿಂದ. ಎಕರೆ ಇಲ್ಲದವರು ಏನು ಕೇಳಬೇಕು? ಸಿಂಧನೂರು, ಮಸ್ಕಿ, ಮಾನ್ವಿ, ಕಾರಟಗಿ, ಗಂಗಾವತಿ, ಕಂಪ್ಲಿ, ಸಿರುಗುಪ್ಪದ ಊರೂರಲ್ಲಿ ಬೇರೆಯವರ ಗದ್ದೆಯಲ್ಲಿ ದುಡಿದು ಉಣ್ಣುವ ಸಾವಿರಾರು ಮನೆಗಳಿವೆ. ಕಾಲುವೆ ಬಂದ್ ಆದರೆ ಅವರ ದುಡಿಮೆಯೂ ಬಂದ್. ಈ ನಷ್ಟವನ್ನು ಯಾವ ಇಲಾಖೆಯೂ ಬರೆದುಕೊಳ್ಳುತ್ತಿಲ್ಲ. ಬರೆದುಕೊಳ್ಳಲು ಒಂದು ಕಾಲಂ ಕೂಡ ಇಲ್ಲ.

ಒಂದು ಬೆಳೆ, ಎಷ್ಟು ಕೈ

ಎರಡನೇ ಬೆಳೆ ಅಂದರೆ ರೈತರಿಗೆ ಒಂದು ಫಸಲು. ಕೂಲಿಯವರಿಗೆ ಅದು ಐದಾರು ತಿಂಗಳ ಬದುಕು. ಡಿಸೆಂಬರ್‌ನಲ್ಲಿ ಸಸಿ ಮಡಿ ಹಾಕುವುದರಿಂದ ಕೆಲಸ ಶುರುವಾಗುತ್ತದೆ. ಜನವರಿಯಲ್ಲಿ ಸಸಿ ಕೀಳುವುದು, ನೆಲ್ಲು ಹಚ್ಚುವುದು. ಆಮೇಲೆ ಕಳೆ ತೆಗೆಯುವುದು, ಗೊಬ್ಬರ ಚೆಲ್ಲುವುದು, ಕೀಟನಾಶಕ ಹೊಡೆಯುವುದು, ರಾತ್ರಿ ಹೊತ್ತು ನೀರು ಕಟ್ಟುವುದು. ಏಪ್ರಿಲ್ ಹೊತ್ತಿಗೆ ಕಟಾವು. ಅಲ್ಲಿಂದ ಮುಂದೆ ಒಣಗಿಸುವುದು, ಚೀಲ ತುಂಬುವುದು, ಹೊಲಿಯುವುದು, ಲಾರಿಗೆ ಹೇರುವುದು, ರೈಸ್ ಮಿಲ್ಲಿನಲ್ಲಿ ಇಳಿಸುವುದು. ಪ್ರತಿ ಹಂತದಲ್ಲೂ ಬೇರೆ ಬೇರೆ ಜನ, ಬೇರೆ ಬೇರೆ ಕೂಲಿ.

ಇದರಲ್ಲಿ ನಾಟಿ ಮತ್ತು ಕಳೆ ಪೂರ್ತಿ ಹೆಂಗಸರ ಕೆಲಸ. ಕಟಾವು ಹೆಚ್ಚುಕಡಿಮೆ ಮಷೀನಿನ ಪಾಲಾಗಿ ಬಹಳ ವರ್ಷವಾಯಿತು. ಮೊದಲು ಕೊಯ್ಲಿನಲ್ಲಿ ಊರಿನ ಗಂಡು ಹೆಣ್ಣು ಎಲ್ಲರಿಗೂ ಕೂಲಿ ಸಿಗುತ್ತಿತ್ತು. ಈಗ ಮಷೀನು ಗದ್ದೆಗೆ ಇಳಿದರೆ ಗಂಟೆಗಳಲ್ಲಿ ಮುಗಿಯುತ್ತದೆ. ಹೀಗಾಗಿ ನಾಟಿಯ ದಿನಗಳ ಬೆಲೆ ಇನ್ನೂ ಜಾಸ್ತಿಯಾಗಿದೆ. ಹತ್ತು ಹದಿನೈದು ಹೆಂಗಸರು ಒಂದು ಗುಂಪು ಮಾಡಿಕೊಂಡು, ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡಿ, ಬೆಳಗಿನಿಂದ ಸಂಜೆಯವರೆಗೆ ಕೆಸರಲ್ಲಿ ಬಗ್ಗಿ ದುಡಿಯುತ್ತಾರೆ. ವರ್ಷದ ಉಳಿದ ಯಾವ ದಿನಕ್ಕಿಂತಲೂ ಆಗ ಕೂಲಿ ಒಳ್ಳೆಯದಿರುತ್ತದೆ. ಮಕ್ಕಳ ಬಟ್ಟೆ, ಸಂಘದ ಕಂತು, ಮನೆಯಲ್ಲಿ ಯಾರದೋ ಆಸ್ಪತ್ರೆ ಖರ್ಚು, ಎಲ್ಲವೂ ಆ ದಿನಗಳ ಭರವಸೆಯ ಮೇಲೆ ನಿಂತಿರುತ್ತವೆ.

ಈ ದುಡಿಮೆ ನೀರಾವರಿ ಊರಿಗಷ್ಟೇ ಸೇರಿದ್ದೂ ಅಲ್ಲ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಒಣಭೂಮಿಯವರಿಗೂ ಕಾಲುವೆ ಕೆಳಗಿನ ಊರುಗಳೇ ಆಸರೆ. ನಾಟಿ ಕಾಲದಲ್ಲಿ ಬೆಳಗಿನ ಜಾವವೇ ಬುತ್ತಿ ಕಟ್ಟಿಕೊಂಡು ಟಂಟಂ, ಟ್ರ್ಯಾಕ್ಟರ್ ಹತ್ತಿ ಬರುತ್ತಾರೆ. ಅಂದರೆ ಅಚ್ಚುಕಟ್ಟಿನ ನಕ್ಷೆಯಲ್ಲೇ ಇಲ್ಲದ ಊರಿನ ಒಲೆಯೂ ಈ ನೀರಿನಿಂದ ಉರಿಯುತ್ತದೆ. ನಕ್ಷೆ ನೋಡಿ ನಷ್ಟದ ಅಂದಾಜು ಮಾಡಿದರೆ ಇವರು ಮೊದಲ ಹೆಜ್ಜೆಯಲ್ಲೇ ಬಿಟ್ಟುಹೋಗುತ್ತಾರೆ.

ಹಮಾಲರ ಮಾತನ್ನೂ ಸೇರಿಸಬೇಕು. ಗಂಗಾವತಿ, ಕಾರಟಗಿ, ಸಿಂಧನೂರಿನ ಮಿಲ್ಲುಗಳು, ಎಪಿಎಂಸಿಗಳು ನಡೆಯುವುದೇ ಅವರ ಬೆನ್ನಿನ ಮೇಲೆ. ಚೀಲಕ್ಕೆ ಇಷ್ಟು ಅಂತ ಅವರ ಕೂಲಿ. ಚೀಲ ಬರದಿದ್ದರೆ ಅವತ್ತು ಏನೂ ಇಲ್ಲ. ಮಿಲ್ ಮಾಲೀಕರಿಗೆ ಹಳೆಯ ದಾಸ್ತಾನು ಇರಬಹುದು, ಬೇರೆ ಕಡೆಯಿಂದ ನೆಲ್ಲು ತರಿಸಬಹುದು. ಹಮಾಲರಿಗೆ ದಾಸ್ತಾನು ಅಂತ ಇರುವುದು ಅವರ ತೋಳು ಮಾತ್ರ.

ನಷ್ಟಕ್ಕೂ ಸರ್ವೆ ನಂಬರ್ ಬೇಕು

ನಮ್ಮಲ್ಲಿ ಬೆಳೆ ಪರಿಹಾರ ಹೇಗೆ ಬರುತ್ತದೆ? ಕಂದಾಯ, ಕೃಷಿ ಇಲಾಖೆಯವರು ಸರ್ವೆ ನಂಬರ್ ಪ್ರಕಾರ ಹಾನಿ ದಾಖಲಿಸುತ್ತಾರೆ. ಆ ಸರ್ವೆ ನಂಬರ್ ಯಾರ ಫ್ರೂಟ್ಸ್ ಐಡಿಗೆ (ರೈತರ ನೋಂದಣಿ ಸಂಖ್ಯೆಗೆ) ಜೋಡಣೆಯಾಗಿದೆಯೋ ಅವರ ಖಾತೆಗೆ ಹಣ ಹೋಗುತ್ತದೆ. 2025–26ರವರೆಗಿನ ವಿಪತ್ತು ಪರಿಹಾರದ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000 ರೂಪಾಯಿ. ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಇದು ಸಾಲುವುದಿಲ್ಲ ಅನ್ನುವುದು ಬೇರೆ ಮಾತು. ಸಾಲದಿದ್ದರೂ ಒಂದು ದಾರಿಯಂತೂ ಇದೆ. ಕೂಲಿಯವರಿಗೆ ಆ ದಾರಿಯೇ ಇಲ್ಲ.

ಪಹಣಿಯಲ್ಲಿ ಹೆಸರಿಲ್ಲದ ಇನ್ನೊಂದು ಗುಂಪೂ ಇದೆ. ಲಾವಣಿಗೆ, ಅಂದರೆ ಗೇಣಿಗೆ, ಹೊಲ ಹಾಕಿಕೊಂಡವರು, ಪಾಲಿಗೆ ಮಾಡುವವರು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿ ಪದ್ಧತಿ ಕಾನೂನಿನಲ್ಲಿ ಹೋಯಿತು. ಹೊಲದಲ್ಲಿ ಹೋಗಲಿಲ್ಲ. ಎಲ್ಲವೂ ಬಾಯಿಮಾತಿನಲ್ಲಿ ನಡೆಯುತ್ತದೆ. ಬೀಜ, ಗೊಬ್ಬರಕ್ಕೆ ಸಾಲ ಮಾಡಿದವರು ಒಬ್ಬರು, ಪರಿಹಾರ ಬಂದರೆ ಸಿಗುವುದು ಇನ್ನೊಬ್ಬರಿಗೆ. ಒಳ್ಳೆ ಮನಸ್ಸಿನ ಮಾಲೀಕರಿದ್ದರೆ ಹಂಚಿಕೊಳ್ಳುತ್ತಾರೆ. ಹಂಚದಿದ್ದರೆ ಕೇಳಲು ಕಾಗದವಿಲ್ಲ.

ಬರಗಾಲ ಬಂದಾಗ ಕೂಲಿಯವರ ನೆನಪಾಗುತ್ತದೆಯೇ? ನಿಯಮದಲ್ಲಿ ಅದಕ್ಕೊಂದು ಕಿಂಡಿ ಇದೆ. ವಿಪತ್ತಿನಿಂದ ಜೀವನೋಪಾಯಕ್ಕೆ ಗಂಭೀರ ಪೆಟ್ಟು ಬಿದ್ದ ಕುಟುಂಬಗಳಿಗೆ ಉದ್ಯೋಗ ಖಾತ್ರಿ ಕೂಲಿಯ ಲೆಕ್ಕದಲ್ಲಿ ಒಂದಿಷ್ಟು ದಿನ ನೆರವು ಕೊಡಬಹುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದಾಗ ರಾಜ್ಯ ಸರ್ಕಾರ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಅದರಲ್ಲಿ 12,577 ಕೋಟಿ ಇಂಥ ಜೀವನೋಪಾಯ ನೆರವಿಗೇ ಇತ್ತು. ಅಂದರೆ ಮನವಿಯ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ಆಮೇಲೆ ಜೀವನೋಪಾಯ ನಷ್ಟ ಎಂದು ರಾಜ್ಯ ಒಂದಿಷ್ಟು ಹಣ ಹಂಚಲು ಹೊರಟಾಗಲೂ ಅದನ್ನು ಕೊಟ್ಟಿದ್ದು ಸಣ್ಣ, ಅತಿಸಣ್ಣ ರೈತರಿಗೆ. ಅವರೂ ಬಡವರೇ, ಅವರಿಗೆ ಸಿಕ್ಕಿದ್ದು ಸರಿಯೇ. ಆದರೆ ಜೀವನೋಪಾಯ ಅಂತ ಹೆಸರಿಟ್ಟ ಹಣವೂ ಕೊನೆಗೆ ಪಹಣಿ ಹುಡುಕಿಕೊಂಡೇ ಹೋಯಿತು.

ಈಗಿನ ಪರಿಸ್ಥಿತಿ ಅದಕ್ಕಿಂತ ಬಿಗಿ. ಇದು ಬರ ಅಲ್ಲ. ಪ್ರವಾಹ ಅಲ್ಲ. ಮಳೆ ಚೆನ್ನಾಗಿಯೇ ಆಗಿತ್ತು. ಗೇಟು ದುರಸ್ತಿಗಾಗಿ ಸರ್ಕಾರವೇ ಯೋಚಿಸಿ ಕಾಲುವೆ ನಿಲ್ಲಿಸಿದೆ. ವಿಪತ್ತಿನ ಪಟ್ಟಿಯಲ್ಲಿ ಇಂಥದ್ದೊಂದು ಹೆಸರೇ ಇಲ್ಲ. ನನ್ನ ಪ್ರಕಾರ ಸರ್ಕಾರದ ಹೊಣೆ ಇಲ್ಲಿ ಹೆಚ್ಚಾಗಬೇಕಿತ್ತು. ಬರ ಹೇಳಿ ಕೇಳಿ ಬರುವುದಿಲ್ಲ. ದುರಸ್ತಿ ಆಗುತ್ತದೆ ಅಂತ ತಿಂಗಳುಗಟ್ಟಲೆ ಮುಂಚೆಯೇ ಗೊತ್ತಿತ್ತು. ಕೂಲಿಯವರಿಗೆ ಬದಲಿ ಕೆಲಸ ಹೊಂದಿಸಲು ಸಮಯವೂ ಇತ್ತು.

ಕಾಲುವೆ ನಿಂತರೂ ಕಂತು ನಿಲ್ಲುವುದಿಲ್ಲ

ಕೆಲಸ ಇಲ್ಲದ ಮನೆಯಲ್ಲಿ ಮೊದಲು ಕೈಕಚ್ಚುವುದು ಸಾಲದ ಕಂತು. ಹಳ್ಳಿಗಳಲ್ಲಿ ಹೆಂಗಸರ ಗುಂಪಿನ ಮೇಲೆ ಫೈನಾನ್ಸ್ ಕಂಪನಿಗಳು ಕೊಟ್ಟ ಸಾಲಕ್ಕೆ ವಾರ, ಹದಿನೈದು ದಿನ, ತಿಂಗಳು ಅಂತ ಕಂತು ಇರುತ್ತದೆ. ಒಬ್ಬರು ಕಟ್ಟದಿದ್ದರೆ ಗುಂಪಿನ ಉಳಿದವರ ಮೇಲೆ ಒತ್ತಡ. ಅಕ್ಕಪಕ್ಕದ ಮನೆಯವರ ನಡುವೆಯೇ ಮಾತು ಮುರಿಯುತ್ತದೆ. ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬೇಕಾಗಿತ್ತು. ಆದರೆ ಮನೆ ಮುಂದೆ ಬಂದು ಬೈಯುವುದನ್ನು ಕಾನೂನು ತಡೆಯಬಹುದು, ಕಂತು ಕಟ್ಟುವ ಕೂಲಿಯನ್ನು ಅದು ಕೊಡುವುದಿಲ್ಲ.

ಗೃಹಲಕ್ಷ್ಮಿಯ 2,000 ರೂಪಾಯಿ, ಪಡಿತರದ ಅಕ್ಕಿ, ಹೆಂಗಸರಿಗೆ ಉಚಿತ ಬಸ್ಸು ಇವೆ. ಇವನ್ನು ಬಿಟ್ಟಿ ಭಾಗ್ಯ ಅಂತ ಹೀಯಾಳಿಸುವವರು ಒಂದು ತಿಂಗಳು ಕೂಲಿ ಇಲ್ಲದೆ ಮನೆ ನಡೆಸಿ ನೋಡಬೇಕು. ಅಕ್ಕಿ ಇರುವುದರಿಂದ ಹೊಟ್ಟೆಗೆ ತೊಂದರೆ ಇಲ್ಲ, ಆ ಮಟ್ಟಿಗೆ ದೊಡ್ಡ ನೆಮ್ಮದಿ. ಎಣ್ಣೆ, ಬೇಳೆ, ಔಷಧಿ, ಶಾಲೆ, ಕಂತು ಅಂತ ಲೆಕ್ಕ ಹಾಕಿದರೆ ಎರಡು ಸಾವಿರ ಎಲ್ಲಿಯವರೆಗೆ ಬರುತ್ತದೆ?

ಉಳಿಯುವ ದಾರಿ ಗುಳೆ. ಬೆಂಗಳೂರು, ಹೈದರಾಬಾದ್, ಪುಣೆ, ಮಂಗಳೂರು, ಗೋವಾ. ಮೇಸ್ತ್ರಿ ಮುಂಗಡ ಕೊಟ್ಟಿದ್ದರೆ ಬಸ್ ಚಾರ್ಜಿಗೂ ಆಗುತ್ತದೆ, ಒಂದೆರಡು ಕಂತಿಗೂ ಆಗುತ್ತದೆ. ಆಮೇಲೆ ಆ ಮುಂಗಡ ತೀರುವವರೆಗೆ ಕೂಲಿ ಎಷ್ಟು ಅಂತ ಕೇಳುವ ಹಾಗಿಲ್ಲ. ಮನೆಯಲ್ಲಿ ಅಜ್ಜ ಅಜ್ಜಿ ಉಳಿಯುತ್ತಾರೆ. ಪರೀಕ್ಷೆ ಹತ್ತಿರ ಇರುವ ಮಕ್ಕಳನ್ನು ಅವರ ಹತ್ತಿರ ಬಿಡುತ್ತಾರೆ, ಚಿಕ್ಕವರು ಅಪ್ಪ ಅಮ್ಮನ ಜೊತೆ ಶೆಡ್ಡಿಗೆ ಹೋಗುತ್ತಾರೆ. ಎರಡನೇ ಬೆಳೆಯ ತಿಂಗಳುಗಳೇ ಶಾಲೆಯ ಪರೀಕ್ಷೆಯ ತಿಂಗಳುಗಳು ಎನ್ನುವುದನ್ನು ಗಮನಿಸಬೇಕು. ಊರಲ್ಲಿ ಕೂಲಿ ಇದ್ದಿದ್ದರೆ ಆ ಮಕ್ಕಳು ಊರಲ್ಲೇ ಇರುತ್ತಿದ್ದರು.

ಕಟ್ಟಡ ಕೆಲಸಕ್ಕೆ ಹೋದವರಿಗೆ ಕಲ್ಯಾಣ ಮಂಡಳಿಯ ಸವಲತ್ತು ಇದೆಯಲ್ಲಾ ಅನ್ನಬಹುದು. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಮೂರು ತಿಂಗಳಿಗೆ ಮೂರು ಕಡೆ ಕೆಲಸ ಮಾಡಿದವರಿಗೆ ಅದನ್ನು ಯಾರು ಬರೆದುಕೊಡುತ್ತಾರೆ? ಊರಲ್ಲಿ ಇವರು ಕೃಷಿ ಕೂಲಿ, ನಗರದಲ್ಲಿ ಕಟ್ಟಡ ಕೂಲಿ. ಎರಡೂ ಕಡೆ ಅರ್ಧರ್ಧ ಇರುವುದರಿಂದ ಎರಡೂ ಕಡೆಯ ಪಟ್ಟಿಯಿಂದ ಜಾರುತ್ತಾರೆ.

ಖಾತ್ರಿ ಕೆಲಸದ ಒಳಲೆಕ್ಕ

ಇಂಥ ಹೊತ್ತಿಗಾಗಿಯೇ ಇದ್ದದ್ದು ಉದ್ಯೋಗ ಖಾತ್ರಿ. 2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲ ಹಂತ ಶುರುವಾದಾಗ ಅದರಲ್ಲಿ ರಾಯಚೂರೂ ಇತ್ತು. ಜಾಬ್ ಕಾರ್ಡ್ ಬಂದದ್ದು ಸಣ್ಣ ಮಾತಲ್ಲ. ಪಹಣಿ ಇಲ್ಲದ ಮನೆಯ ಹೆಸರು ಸರ್ಕಾರದ ಪುಸ್ತಕದಲ್ಲಿ ದುಡಿಯುವವರು ಅಂತ ಮೊದಲ ಸಲ ಬರೆಯಲ್ಪಟ್ಟದ್ದು ಅಲ್ಲಿ. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂಬುದೂ ಈ ಭಾಗದ ಹೊಲಗಳಿಗೆ ಹೊಸದಾಗಿತ್ತು.

ಆದರೆ ಲೆಕ್ಕ ನೋಡಿ. 2025–26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಒಂದು ಕುಟುಂಬಕ್ಕೆ 100 ದಿನ. ಮನೆಯಲ್ಲಿ ದುಡಿಯುವವರು ನಾಲ್ಕು ಜನ ಇದ್ದರೆ ತಲೆಗೆ 25 ದಿನ. ಪೂರ್ತಿ 100 ದಿನ ಸಿಕ್ಕರೂ ವರ್ಷಕ್ಕೆ 37,000. ದೇಶದ ಸರಾಸರಿ 50 ದಿನದ ಆಸುಪಾಸು. ಅಷ್ಟೇ ಸಿಕ್ಕರೆ 18,500. ಅದರಲ್ಲೂ 370 ಕೈಗೆ ಬರುವುದು ಎಂಜಿನಿಯರ್ ಅಳತೆಯಲ್ಲಿ ಕೆಲಸ ಸರಿಹೋದರೆ ಮಾತ್ರ. ನೆಲ ಗಟ್ಟಿ ಇದ್ದು ಗುಂಡಿ ಚಿಕ್ಕದಾದರೆ ಕೂಲಿಯೂ ಚಿಕ್ಕದಾಗುತ್ತದೆ.

ಕೂಲಿ 15 ದಿನದೊಳಗೆ ಬರಬೇಕು, ತಡವಾದರೆ ದಿನಕ್ಕೆ ಶೇ 0.05ರಷ್ಟು ಪರಿಹಾರ ಕೊಡಬೇಕು ಎಂಬ ನಿಯಮ ಇತ್ತು. ಆರು ದಿನದ ಕೂಲಿ 2,220 ರೂಪಾಯಿ ಒಂದು ತಿಂಗಳು ತಡವಾಯಿತು ಅಂದುಕೊಳ್ಳಿ. ಪರಿಹಾರ 33 ರೂಪಾಯಿ. ಅದೇ ತಿಂಗಳು ಫೈನಾನ್ಸ್ ಕಂತು ತಪ್ಪಿದರೆ ಬೀಳುವ ದಂಡದ ಮುಂದೆ ಇದು ಏನೂ ಅಲ್ಲ. ಸಾಲ ಇರುವ ಮನೆಯವರು ಖಾತ್ರಿ ಕೆಲಸ ಬಿಟ್ಟು ಗುಳೆ ಹೋಗುವುದಕ್ಕೆ ಸೋಮಾರಿತನ ಕಾರಣವಲ್ಲ. ಅವರಿಗೆ ಬೇಕಾದದ್ದು ವಾರಕ್ಕೆ ಕೈಗೆ ಸಿಗುವ ದುಡ್ಡು.

ಇದರ ಮೇಲೆ ಮೊಬೈಲ್ ಹಾಜರಿ. 2023ರ ಜನವರಿಯಿಂದ ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಫೋಟೋ ಕಡ್ಡಾಯವಾಯಿತು. ಕಳ್ಳ ಹಾಜರಿ ತಡೆಯಬೇಕು, ಅದು ನಿಜ. ಆದರೆ ರಾಯಚೂರಿನ ಬೇಸಿಗೆ ಗೊತ್ತಲ್ವಾ? 40 ಡಿಗ್ರಿ ದಾಟುವ ಬಿಸಿಲಿಗೆ ಹೆದರಿ ಬೆಳಗಿನ ತಂಪಲ್ಲೇ ಕೆಲಸ ಮುಗಿಸಿದವರು ಎರಡನೇ ಫೋಟೋಕ್ಕಾಗಿ ಬಿಸಿಲಲ್ಲಿ ಕಾಯಬೇಕು. ನೆಟ್‌ವರ್ಕ್ ಸಿಗದಿದ್ದರೆ ಹಾಜರಿ ಹಾಕುವ ಕಾಯಕ ಬಂಧು ಮೊಬೈಲ್ ಹಿಡಿದು ದಿಬ್ಬ ಹತ್ತಬೇಕು. ಫೋಟೋ ಏರದಿದ್ದರೆ ದುಡಿದ ದಿನವೇ ಇಲ್ಲ. ಕಳ್ಳತನ ಮಾಡಿದವರು ಯಾರೋ, ಬಿಸಿಲಲ್ಲಿ ನಿಲ್ಲುವವರು ಇವರು. 2024ರ ಜನವರಿಯಿಂದ ಆಧಾರ್ ಜೋಡಣೆಯ ಪಾವತಿ ಕಡ್ಡಾಯವಾದ ಮೇಲೆ ಹೆಸರಿನ ಒಂದಕ್ಷರ ವ್ಯತ್ಯಾಸಕ್ಕೂ ಬ್ಯಾಂಕು, ಪಂಚಾಯಿತಿ ಅಂತ ಅಲೆದಾಟ. ಅಲೆದ ದಿನದ ಕೂಲಿಯೂ ಹೋಯಿತು.

ಈಗ ಕಾಯ್ದೆಯೇ ಬದಲಾಗಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಬದಲಿಗೆ ತಂದ ವಿಬಿ–ಜಿ ರಾಮ್ ಜಿ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 100 ದಿನ 125 ಆಗಿದೆ. ಕೇಳಲು ಚೆಂದ. ಆದರೆ ಮೊದಲು ಕೂಲಿಯ ಪೂರ್ತಿ ಹಣ ಕೇಂದ್ರದ್ದಾಗಿತ್ತು, ಈಗ ಖರ್ಚು 60:40. ರಾಜ್ಯಕ್ಕೆ ಇಷ್ಟು ಎಂದು ಕೇಂದ್ರ ಮೊದಲೇ ಗೆರೆ ಎಳೆಯುತ್ತದೆ, ದಾಟಿದರೆ ಪೂರ್ತಿ ರಾಜ್ಯದ ತಲೆಯ ಮೇಲೆ. ಹಳೆಯ ಕಾಯ್ದೆಯ ಜೀವ ಇದ್ದದ್ದೇ ಬೇಡಿಕೆಯಲ್ಲಿ. ಎಷ್ಟು ಜನ ಕೇಳಿದರೂ ಕೊಡಬೇಕಿತ್ತು. ಈಗ ಕಷ್ಟದ ವರ್ಷದಲ್ಲಿ ಜಾಸ್ತಿ ಜನ ಕೇಳಿದಷ್ಟೂ ಮೇಲಿನವರಿಗೆ ಕೈ ಬಿಗಿಯಾಗುತ್ತದೆ. ದಿನ 125 ಅಂತ ಬರೆದು ಹಣಕ್ಕೆ ಗೆರೆ ಎಳೆದರೆ ಆ 125 ಯಾರಿಗೆ ಸಿಗುತ್ತದೆ?

ಇನ್ನೊಂದು ಅಂಶ ನಮ್ಮ ಭಾಗಕ್ಕೆ ನೇರವಾಗಿ ತಟ್ಟುತ್ತದೆ. ಬಿತ್ತನೆ, ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನದವರೆಗೆ ಈ ಕೆಲಸ ನಿಲ್ಲಿಸಬೇಕು. ಆ ದಿನಗಳನ್ನು ರಾಜ್ಯ ಸರ್ಕಾರ ಮುಂಚೆಯೇ ಗೊತ್ತುಪಡಿಸುತ್ತದೆ. ರೈತರಿಗೆ ಆಳು ಸಿಗಲಿ ಎಂಬುದು ಉದ್ದೇಶ. ಕೊಪ್ಪಳ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಗಂಗಾವತಿಯಲ್ಲಿ ನಾಟಿ ನಡೆಯುವ ಹೊತ್ತಿಗೆ ಯಲಬುರ್ಗಾದ ಒಣ ಹೊಲದಲ್ಲಿ ಕೆಲಸವೇ ಇಲ್ಲದಿರಬಹುದು. ಜಿಲ್ಲೆಗೆಲ್ಲಾ ಒಂದೇ ಆದೇಶ ಹೊರಟರೆ ಒಂದು ತಾಲ್ಲೂಕಿನ ಸುಗ್ಗಿಗಾಗಿ ಇನ್ನೊಂದು ತಾಲ್ಲೂಕಿನವರು ಖಾಲಿ ಕೂರುತ್ತಾರೆ. ಕಾಲುವೆಗೆ ನೀರೇ ಬಿಡದ ವರ್ಷದಲ್ಲಂತೂ ಗಂಗಾವತಿಯಲ್ಲೂ ನಾಟಿ ಇಲ್ಲ. ಬೇರೆ ಬೇರೆ ಪ್ರದೇಶಕ್ಕೆ ಬೇರೆ ಬೇರೆ ದಿನ ಗೊತ್ತುಪಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ತಾಲ್ಲೂಕು ಸಾಲದು, ಪಂಚಾಯಿತಿವಾರು ಮಾಡಬೇಕು. ಮಾಡದಿದ್ದರೆ ತಪ್ಪು ದಿಲ್ಲಿಯದ್ದಷ್ಟೇ ಆಗುವುದಿಲ್ಲ, ಬೆಂಗಳೂರಿನದ್ದೂ ಆಗುತ್ತದೆ.

ಒಣಗಿದ ಕಾಲುವೆಯಲ್ಲೇ ಕೆಲಸವಿದೆ

ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಅದರಿಂದ ಕವಲೊಡೆದ ಉಪಕಾಲುವೆ, ಹೊಲಗಾಲುವೆಗಳು ಎಷ್ಟೋ. ಅವುಗಳಲ್ಲಿ ಹೂಳು, ಜಂಗಲ್ ತುಂಬಿರುವುದು, ಕೊನೆಭಾಗದ ಮಾನ್ವಿ, ಸಿರವಾರದ ರೈತರು ಪ್ರತಿ ವರ್ಷ ನೀರಿಗಾಗಿ ರಸ್ತೆಗಿಳಿಯುವುದು ಎಲ್ಲರಿಗೂ ಗೊತ್ತು. ನೀರು ಹರಿಯುವಾಗ ಹೂಳೆತ್ತಲು ಆಗುವುದಿಲ್ಲ. ನೀರು ನಿಂತ ಈ ತಿಂಗಳುಗಳೇ ಅದಕ್ಕೆ ಕಾಲ. ಮುಖ್ಯ ಕಾಲುವೆಗೆ ಜೆಸಿಬಿ ಬೇಕಾದೀತು. ಚಿಕ್ಕ ಕಾಲುವೆಗಳಿಗೆ ಸಲಿಕೆ, ಬುಟ್ಟಿ, ಜನ ಸಾಕು. ಖಾತ್ರಿ ಯೋಜನೆಯಲ್ಲಿ ಈ ಕೆಲಸ ಮೊದಲಿಂದಲೂ ನಡೆದಿದೆ. ಆದರೂ ಹೂಳೆತ್ತುವ ಮಾತು ಬಂದಾಗಲೆಲ್ಲ ಟೆಂಡರು, ಗುತ್ತಿಗೆದಾರರು, ಮಷೀನು ಅಂತಲೇ ನಮ್ಮ ಯೋಚನೆ ಓಡುತ್ತದೆ. ನಾಟಿ ಕಳೆದುಕೊಂಡವರ ಕೈಗೆ ಆ ಕೂಲಿ ಕೊಟ್ಟರೆ, ಕೊನೆಭಾಗದ ರೈತರಿಗೆ ನೀರೂ ಮುಟ್ಟುತ್ತದೆ.

ಎಣಿಸುವುದು ಕಷ್ಟ ಎಂಬ ಸಬೂಬು ನಿಲ್ಲುವುದಿಲ್ಲ. ಪಕ್ಕದ ತೆಲಂಗಾಣ ರಾಯಚೂರಿಗೆ ಎಷ್ಟು ದೂರ? ಕೃಷ್ಣಾ ದಾಟಿದರೆ ಆಯಿತು. ಅಲ್ಲಿ 2025ರ ಜನವರಿ 26ರಂದು ಇಂದಿರಮ್ಮ ಆತ್ಮೀಯ ಭರೋಸಾ ಎಂಬ ಯೋಜನೆ ಶುರು ಮಾಡಿದರು. ಜಮೀನಿಲ್ಲದ ಕೃಷಿ ಕೂಲಿ ಕುಟುಂಬಕ್ಕೆ ವರ್ಷಕ್ಕೆ 12,000 ರೂಪಾಯಿ. ಯಾರು ಅರ್ಹರು ಅಂತ ಹುಡುಕಲು ಅವರು ಬಳಸಿದ್ದು ಉದ್ಯೋಗ ಖಾತ್ರಿಯಲ್ಲಿ 20 ದಿನ ಕೆಲಸ ಮಾಡಿದ ದಾಖಲೆ. ಅಲ್ಲಿ ಎಲ್ಲರಿಗೂ ತಲುಪಿದೆ ಎಂದು ನಾನು ಹೇಳುತ್ತಿಲ್ಲ. ಪಹಣಿ ಇಲ್ಲದೆಯೂ ದುಡಿಯುವವರನ್ನು ಗುರುತಿಸಬಹುದು ಎಂಬುದಂತೂ ಗೊತ್ತಾಯಿತು. ಜಾಬ್ ಕಾರ್ಡ್, ಪಡಿತರ ಚೀಟಿ, ಅಸಂಘಟಿತ ಕಾರ್ಮಿಕರ ಇ–ಶ್ರಮ್ ಕಾರ್ಡ್ ಮೂರೂ ನಮ್ಮಲ್ಲೂ ಇವೆ. 2011ರ ಜನಗಣತಿಯಲ್ಲೇ ದೇಶದಲ್ಲಿ ಸ್ವಂತ ಸಾಗುವಳಿ ಮಾಡುವವರು 11.88 ಕೋಟಿ, ಕೃಷಿ ಕೂಲಿಯವರು 14.43 ಕೋಟಿ. ಜಾಸ್ತಿ ಇರುವವರನ್ನೇ ಬಿಟ್ಟು ಕೃಷಿ ಪರಿಹಾರದ ಲೆಕ್ಕ ಹಾಕುತ್ತಿದ್ದೇವೆ.

ಅಲ್ಲಿಯವರೆಗೆ ಊರಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ಕೆಲಸ ಬೇಕು ಅಂತ ಪಂಚಾಯಿತಿಯಲ್ಲಿ ಬಾಯಿಮಾತಲ್ಲಿ ಕೇಳಿ ಸುಮ್ನೆ ವಾಪಸ್ ಬರಬಾರದು. ಉದ್ಯೋಗ ಖಾತ್ರಿಯಲ್ಲಿ ನಮೂನೆ 6ರ ಅರ್ಜಿ ಕೊಟ್ಟು ದಿನಾಂಕ ಹಾಕಿದ ಸ್ವೀಕೃತಿ ಪಡೆದರೆ, 15 ದಿನದೊಳಗೆ ಕೆಲಸ ಕೊಡದಿದ್ದಾಗ ನಿರುದ್ಯೋಗ ಭತ್ಯೆ ಕೇಳುವ ಹಕ್ಕು ಹುಟ್ಟುತ್ತದೆ. ಸ್ವೀಕೃತಿ ಇಲ್ಲದಿದ್ದರೆ ಕೇಳಿಯೇ ಇಲ್ಲ ಅಂತ ಬರೆಯುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯ ಹೆಂಗಸರು ಗುಂಪಾಗಿ ಹೋಗಿ ಪಂಚಾಯಿತಿ ಮುಂದೆ ಕೂರುವುದನ್ನು ಕಲಿತದ್ದು ಇದಕ್ಕೇ. ಕಾಯ್ದೆಯ ಹೆಸರು ಬದಲಾದರೂ ಆ ಕಾಗದದ ತುಂಡನ್ನು ಬಿಡಬಾರದು.

ಇನ್ನು ನೀರಾವರಿ ಸಲಹಾ ಸಮಿತಿ. ಎರಡನೇ ಬೆಳೆಗೆ ನೀರು ಬಿಡಬೇಕೋ ಬೇಡವೋ ಎಂಬುದು ಆ ಸಭೆಯಲ್ಲಿ ತೀರ್ಮಾನವಾಗುತ್ತದೆ. ಸಚಿವರು, ಶಾಸಕರು, ಎಂಜಿನಿಯರುಗಳು ಸೇರುತ್ತಾರೆ. ರೈತ ಮುಖಂಡರು ಒಳಗೋ ಹೊರಗೋ ತಮ್ಮ ಮಾತು ಮುಟ್ಟಿಸುತ್ತಾರೆ. ಕೂಲಿಯವರ ಪರವಾಗಿ ಕೂರಲು ಅಲ್ಲಿ ಒಂದು ಕುರ್ಚಿ ಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲಾ ಪಂಚಾಯಿತಿಗಳ ಸಿಇಒಗಳೂ ಅದೇ ಸಭೆಯಲ್ಲಿ ಇರಬೇಕು. ನೀರಿಲ್ಲ ಎಂಬ ತೀರ್ಮಾನ ಬರೆಯುವ ದಿನವೇ, ಯಾವ ಪಂಚಾಯಿತಿಯಲ್ಲಿ ಯಾವ ತಾರೀಖಿನಿಂದ ಎಷ್ಟು ಜನರಿಗೆ ಕೆಲಸ ಎಂಬ ಪಟ್ಟಿಯೂ ಅದೇ ನಡಾವಳಿಗೆ ಸೇರಬೇಕು.